ಉರಿಯುವ ಫೈರ್‌ಪ್ಲೇಸ್ ಮೇಲೆ ಟಿವಿ: ಗೋಡೆ ಕೊರೆಯುವ ಮೊದಲು ಬಿಸಿ ಅಳೆಯಿರಿ

ಅಕ್ಟೋಬರ್ ಎರಡನೇ ವಾರ ಕೈಹಾಕಿದ ಕೆಲಸ ಡಿಸೆಂಬರ್ ಮೊದಲ ವಾರ ಮುಗಿಯಿತು. ಟಿವಿಯನ್ನು ಎತ್ತಿ ಗೋಡೆಗೆ ಸಿಕ್ಕಿಸಲು ಬೇಕಾದದ್ದು ಇಪ್ಪತ್ತೇ ನಿಮಿಷ. ಮಿಕ್ಕಿದ್ದೆಲ್ಲ ಅಳತೆ, ಕಾಗದಪತ್ರ, ಕಾಯುವುದು, ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡುವುದು. ಇದೇ ಕೆಲಸಕ್ಕೆ ಹೊರಟಿರುವವರಿಗೆ ಆ ಏಳೆಂಟು ವಾರ ಸ್ವಲ್ಪವಾದರೂ ಕಡಿಮೆಯಾಗಲಿ ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮನೆ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಫ್ಯಾಮಿಲಿ ರೂಮಿನ ಗೋಡೆಯಿಂದ ಎರಡಡಿ ಮುಂದಕ್ಕೆ ಬಂದಿರುವ ಮರದ ಚೌಕಟ್ಟಿನೊಳಗೆ ಗ್ಯಾಸ್ ಫೈರ್‌ಪ್ಲೇಸ್ ಕೂತಿದೆ. ಮುಂದೆ ಪೂರ್ತಿ ಮುಚ್ಚಿದ ಗಾಜು, ಹಿಂದೆ ಹೊರಗೋಡೆ ದಾಟಿ ಹೋಗುವ ಜೋಡಿ ಕೊಳವೆ. ಇದನ್ನು ಡೈರೆಕ್ಟ್ ವೆಂಟ್ ಅನ್ನುತ್ತಾರೆ: ಒಳಕೊಳವೆಯಲ್ಲಿ ಹೊಗೆ ಆಚೆ ಹೋಗುತ್ತದೆ, ಹೊರಕೊಳವೆಯಲ್ಲಿ ಬೆಂಕಿಗೆ ಬೇಕಾದ ಗಾಳಿ ಒಳಗೆ ಬರುತ್ತದೆ. ಬೆಂಕಿಯ ಬಾಯಿಯ ಮೇಲಂಚು ನೆಲದಿಂದ 36 ಇಂಚು. ಅಲ್ಲಿಂದ 12 ಇಂಚು ಮೇಲೆ, ಅಂದರೆ 48ಕ್ಕೆ, ಮರದ ಮ್ಯಾಂಟಲ್, ಎಂದರೆ ಬೆಂಕಿಯ ಬಾಯಿಯ ಮೇಲೆ ಗೋಡೆಯಿಂದ ಚಾಚುವ ಅಡ್ಡಹಲಗೆ. ಗೋಡೆಯಿಂದ 6 ಇಂಚು ಮುಂದೆ ಚಾಚಿತ್ತು. ಅದರ ಮೇಲೆ ಡ್ರೈವಾಲ್ (ಜಿಪ್ಸಮ್ ಹಲಗೆಯ ಗೋಡೆ), ಸೀಲಿಂಗಿನ ಮೇಲೆ ಅಟ್ಟ. ಟಿವಿ 55 ಇಂಚಿನದು, 36 ಪೌಂಡ್ ತೂಕ.

ಮೊದಲು ಓದಬೇಕಾದದ್ದು ಎರಡು ಕೈಪಿಡಿ. ಟಿವಿಯದು ಪೆಟ್ಟಿಗೆಯಲ್ಲೇ ಇರುತ್ತದೆ. ಹಿಂದಿನ ಪುಟಗಳಲ್ಲಿ 'ಕೆಲಸ ಮಾಡುವ ಉಷ್ಣತೆ' ಎಂದು ಒಂದು ಸಾಲು ಇರುತ್ತದೆ. ಬಹುತೇಕ ಟಿವಿಗಳಿಗೆ ಮೇಲ್ಮಿತಿ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್. ಇದು ಟಿವಿಯ ಸುತ್ತಲಿನ ಗಾಳಿಯ ಲೆಕ್ಕ. ಟಿವಿ ತಾನೂ ಬಿಸಿ ಹುಟ್ಟಿಸುತ್ತದೆ. ಗಾಳಿ 104 ಇದ್ದಾಗ ಒಳಗಿನ ಪವರ್ ಬೋರ್ಡ್ ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಅಲ್ಲಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಕೆಲಸದವರ ಹಳೆಯ ಲೆಕ್ಕ. ಹಾಗಾಗಿ ಟಿವಿ ಹಾಕಿದ ದಿನ ಚೆನ್ನಾಗಿಯೇ ಇರುತ್ತದೆ, ಎರಡು ಮೂರು ಚಳಿಗಾಲ ಕಳೆದ ಮೇಲೆ ಕೈಕೊಡುತ್ತದೆ. ಓಎಲ್‌ಇಡಿ ಪರದೆಯ ಸಾವಯವ ಪದರ ಬಿಸಿಗೆ ಇನ್ನೂ ನಾಜೂಕು. ಈ ಜಾಗಕ್ಕೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿ ಸೂಸುವ ವಸ್ತುಗಳ ಹತ್ತಿರ ಇಡಬೇಡಿ ಎಂಬ ಎಚ್ಚರಿಕೆಯೂ ಅದೇ ಕೈಪಿಡಿಯಲ್ಲಿ ಇರುತ್ತದೆ. ಬಿಸಿಯಿಂದ ಹಾಳಾದರೆ ವಾರಂಟಿ ಕೇಳುವುದು ಕಷ್ಟ ಎಂದೇ ಇಟ್ಟುಕೊಳ್ಳಿ.

ಎರಡನೆಯದು ಫೈರ್‌ಪ್ಲೇಸಿನದು. ಮನೆ ಕೈಬದಲಾಗುವಾಗ ಈ ಪುಸ್ತಕ ಸಾಮಾನ್ಯವಾಗಿ ಕಳೆದುಹೋಗಿರುತ್ತದೆ. ಕೆಳಗಿನ ಜಾಲರಿ ತೆಗೆದು ಟಾರ್ಚ್ ಬಿಟ್ಟರೆ ಸರಪಳಿಗೆ ಸಿಕ್ಕಿಸಿದ ತಗಡಿನ ಪಟ್ಟಿ ಕಾಣುತ್ತದೆ. ಮಾಡೆಲ್ ನಂಬರ್ ಅದರಲ್ಲಿದೆ. ಆ ನಂಬರಿನಿಂದ ಕೈಪಿಡಿ ಇಳಿಸಿಕೊಳ್ಳಬಹುದು. ನೋಡಬೇಕಾದದ್ದು ಎರಡು ಚಿತ್ರ. ಒಂದು, ಉರಿಯುವ ವಸ್ತು ಬಾಯಿಯಿಂದ ಎಷ್ಟು ದೂರವಿರಬೇಕು, ಎಷ್ಟು ಮೇಲಿದ್ದರೆ ಎಷ್ಟು ಮುಂದೆ ಚಾಚಬಹುದು ಎಂಬ ಮೆಟ್ಟಿಲು ಮೆಟ್ಟಿಲಾದ ನಕ್ಷೆ. ಇನ್ನೊಂದು, ಪೆಟ್ಟಿಗೆಯ ತಲೆಯ ಮೇಲೆ ಮರವಾಗಲಿ ವೈರಾಗಲಿ ಬರಲೇಬಾರದ ಖಾಲಿ ಜಾಗ. ಈ ಅಂಕಿಗಳು ಮಾಡೆಲಿನಿಂದ ಮಾಡೆಲಿಗೆ ಬೇರೆ. ಪಕ್ಕದ ಮನೆಯವರ ಅಳತೆ ನಿಮಗೆ ಆಗುವುದಿಲ್ಲ.

ಅಳೆಯುವ ಮುಂಚೆ ಫೈರ್‌ಪ್ಲೇಸಿಗೆ ಒಮ್ಮೆ ಸರ್ವಿಸ್ ಮಾಡಿಸಿದೆ. ಗಾಜಿನ ಸುತ್ತಲಿನ ಗ್ಯಾಸ್ಕೆಟ್ ಸಡಿಲವಿದ್ದರೆ, ಬರ್ನರ್ ಕಟ್ಟಿದ್ದರೆ ಅಳತೆಯೇ ಸುಳ್ಳಾಗುತ್ತದೆ. ಸೀಸನ್ ಶುರುವಾಗಿದ್ದರಿಂದ ಒಂಬತ್ತು ದಿನ ಕಾಯಬೇಕಾಯಿತು. 189 ಡಾಲರ್ ಆಯಿತು. ಆಗಸ್ಟ್‌ನಲ್ಲೇ ಕರೆದಿದ್ದರೆ ಮರುದಿನವೇ ಬರುತ್ತಿದ್ದರು.

ಬಿಸಿ ಅಳೆದದ್ದು

ಇಲ್ಲೇ ಎಲ್ಲರೂ ತಪ್ಪುವುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೋಡೆ ಮುಟ್ಟಿ ನೋಡಿ 'ಅಷ್ಟೇನೂ ಬಿಸಿಯಿಲ್ಲ' ಅಂದರೆ ಆಗುವುದಿಲ್ಲ. ಗನ್ ಥರ್ಮಾಮೀಟರ್ ಗೋಡೆಯ ಮೈ ಬಿಸಿ ಹೇಳುತ್ತದೆ, ಗಾಳಿಯದ್ದಲ್ಲ. ಟಿವಿ ಕೂರುವುದು ಗೋಡೆಗೆ ಅಂಟಿಕೊಂಡಲ್ಲ. ಮೌಂಟು, ಟಿವಿಯ ದಪ್ಪ ಸೇರಿ ಅದರ ಮುಖ ಗೋಡೆಯಿಂದ ನಾಲ್ಕೈದು ಇಂಚು ಮುಂದಿರುತ್ತದೆ. ಬಿಸಿಗಾಳಿಯ ಹರಿವು ಹಾಯುವುದೂ ಅದೇ ಜಾಗದಲ್ಲಿ.

ಟಿವಿಯ ಪೆಟ್ಟಿಗೆಯ ರಟ್ಟನ್ನು 48 ಇಂಚು ಅಗಲ, 27 ಇಂಚು ಎತ್ತರಕ್ಕೆ ಕತ್ತರಿಸಿ, ಟಿವಿ ಬರಬೇಕಾದ ಜಾಗದಲ್ಲಿ ಗೋಡೆಯಿಂದ ನಾಲ್ಕು ಇಂಚು ಬಿಟ್ಟು ತೂಗುಹಾಕಿದೆ. ಗರಿಷ್ಠ ಅಂಕಿ ನೆನಪಿಡುವ ಮೂರು ಡಿಜಿಟಲ್ ಥರ್ಮಾಮೀಟರ್‌ಗಳನ್ನು (ಮೂರಕ್ಕೂ ಸೇರಿ 35 ಡಾಲರ್) ರಟ್ಟಿನ ಕೆಳಅಂಚಿನ ಮುಂದೆ ಒಂದು, ಹಿಂದೆ ಒಂದು, ಹಿಂಬದಿಯ ನಡುವಿಗೆ ಒಂದು ಎಂದು ಪೇಂಟರ್ ಟೇಪಿನಲ್ಲಿ ಅಂಟಿಸಿದೆ. ಬೆಂಕಿಯನ್ನು ಪೂರ್ತಿ ಎತ್ತರಕ್ಕಿಟ್ಟು ಮೂರು ಗಂಟೆ ಉರಿಸಿದ್ದಾಯಿತು. ಈ ಹೊತ್ತಿನಲ್ಲಿ ಕೋಣೆ ಬಿಟ್ಟು ಹೋಗಬೇಡಿ, ರಟ್ಟು ಮ್ಯಾಂಟಲ್‌ಗಿಂತ ಕೆಳಗೆ ಇಳಿಯದಂತೆ ಕಟ್ಟಿ.

ಅರ್ಧ ಗಂಟೆಗೆ ಮುಂದಿನ ಥರ್ಮಾಮೀಟರ್ 96 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು (ಮುಂದಿನ ಅಂಕಿಗಳೂ ಫ್ಯಾರನ್‌ಹೀಟ್‌ನಲ್ಲೇ). ಇಲ್ಲಿಗೇ ನಿಲ್ಲಿಸಿದ್ದರೆ ಎಲ್ಲ ಸರಿಯಿದೆ ಅನ್ನಿಸುತ್ತಿತ್ತು. ಒಂದು ಗಂಟೆಗೆ 109. ಎರಡು ಗಂಟೆಗೆ 117. ಮೂರಕ್ಕೆ 118ಕ್ಕೆ ಬಂದು ನಿಂತಿತು. ಹಿಂದೆ ಕೆಳಗೆ 112, ನಡುವಿಗೆ 104. ಗೋಡೆ, ಕಲ್ಲು, ತಗಡು ಎಲ್ಲ ಕಾದು ನಿಲ್ಲಲು ಎರಡು ಗಂಟೆಯಾದರೂ ಬೇಕು. ಅರ್ಧ ಗಂಟೆಯ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಬಿಸಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಒಂದು ಊದುಬತ್ತಿ ಸಾಕಾಯಿತು. ಹಚ್ಚಿದ ಕಡ್ಡಿಯನ್ನು ಮ್ಯಾಂಟಲ್ ಕೆಳಗೆ, ಗಾಜಿನ ಮೇಲಂಚಿನ ಹತ್ತಿರ ಹಿಡಿದರೆ ಹೊಗೆಯ ಎಳೆ ನೇರ ಮೇಲೇರಿ ಮ್ಯಾಂಟಲ್‌ನ ಅಡಿಗೆ ಬಡಿದು, ಮುಂದಕ್ಕೆ ಜಾರಿ, ಅಂಚು ದಾಟಿದ ತಕ್ಷಣ ಬಳ್ಳಿ ಗೋಡೆಗೆ ಒರಗುವ ಹಾಗೆ ಹಿಂದಕ್ಕೆ ಬಾಗಿ, ಸರಿಯಾಗಿ ರಟ್ಟಿನ ಕೆಳಅಂಚಿಗೆ ಹೋಗಿ ಸೇರುತ್ತಿತ್ತು. ಮೇಲೇರುವ ಗಾಳಿಗೆ ಪಕ್ಕದ ಗೋಡೆಗೆ ಅಂಟಿಕೊಳ್ಳುವ ಸ್ವಭಾವವಿದೆ. ಆರು ಇಂಚಿನ ಮ್ಯಾಂಟಲ್ ಅದನ್ನು ತಡೆಯುವಷ್ಟು ಮುಂದಿರಲಿಲ್ಲ.

ರಟ್ಟನ್ನು ಹಾಗೇ ಬಿಟ್ಟು, ಗೋಡೆಯಿಂದ ಹತ್ತು ಇಂಚು ಚಾಚುವಂತೆ ಒಂದು ತಗಡಿನ ಹಾಳೆಯನ್ನು ಮ್ಯಾಂಟಲ್ ಮೇಲೆ ತಾತ್ಕಾಲಿಕವಾಗಿ ಇಟ್ಟು ಮತ್ತೆ ಹಚ್ಚಿ ನೋಡಿದೆ. ಹೊಗೆಯ ಎಳೆ ಈ ಸಲ ಅಂಚು ದಾಟಿ ಕೋಣೆಯ ಕಡೆಗೇ ಸರಿದು ಮೇಲೆ ಹೋಯಿತು. ಹಣ ಖರ್ಚು ಮಾಡುವ ಮೊದಲೇ ಉತ್ತರ ಸಿಕ್ಕಿತು.

ಹೊಸ ಮ್ಯಾಂಟಲ್ ಮರದ್ದಾಗಬಾರದು. ಹತ್ತು ಇಂಚು ಚಾಚಿದ ಮರವನ್ನು ಅದೇ ಎತ್ತರದಲ್ಲಿಡಲು ನಮ್ಮ ಮಾಡೆಲಿನ ನಕ್ಷೆ ಒಪ್ಪುತ್ತಿರಲಿಲ್ಲ. ಮೇಲೆ ಸರಿಸಿದರೆ ಟಿವಿ ಇನ್ನೂ ಮೇಲೆ ಹೋಗುತ್ತದೆ. ಹಾಗಾಗಿ ಮರದ ಬಣ್ಣ, ಮರದ ಗೆರೆ ಕೊಟ್ಟು ಸಿಮೆಂಟಿನಲ್ಲಿ ಎರಕ ಹೊಯ್ದದ್ದನ್ನು ಆರಿಸಿದೆ: 60 ಇಂಚು ಉದ್ದ, 10 ಇಂಚು ಚಾಚು, 4 ಇಂಚು ದಪ್ಪ. 640 ಡಾಲರ್. ಬರಲು 24 ದಿನ. ಇದನ್ನು ಹೊರುವ ಬ್ರಾಕೆಟ್ ಉಕ್ಕಿನದೇ ಆಗಬೇಕು. ಹಳೆಯದರ ಹಿಂದೆ ಮರದ ರೀಪು ಇದ್ದರೆ ಅದನ್ನು ಹಾಗೇ ಉಳಿಸಿ ಅದಕ್ಕೇ ಹೊಡೆಯಬೇಡಿ. ಇಬ್ಬರು ಹಿಡಿದು ಎತ್ತಬೇಕಾದ ಭಾರವಿದು, ನೇರ ಸ್ಟಡ್‌ಗೇ, ಅಂದರೆ ಗೋಡೆಯೊಳಗಿನ ನಿಲುವು ಮರಕ್ಕೇ, ಬೋಲ್ಟ್ ಹೋಗಬೇಕು.

ಎತ್ತರದ ಲೆಕ್ಕ

ಮ್ಯಾಂಟಲ್ ಬರುವವರೆಗೆ ಮೌಂಟ್ ಯಾವುದು ಎಂಬ ಪ್ರಶ್ನೆ ಬಗೆಹರಿಸಿಕೊಂಡೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 42 ಇಂಚು. ಮ್ಯಾಂಟಲ್ ತಲೆ 52ಕ್ಕೆ, ಅದರ ಮೇಲೆ 4 ಇಂಚು ಬಿಟ್ಟು ಟಿವಿಯ ಕೆಳಅಂಚು 56ಕ್ಕೆ, ಟಿವಿಯ ನಡು ಸುಮಾರು 70ಕ್ಕೆ. ಕಣ್ಣಿಗಿಂತ 28 ಇಂಚು ಮೇಲೆ. ಸೋಫಾ ಹತ್ತೂವರೆ ಅಡಿ, ಅಂದರೆ 126 ಇಂಚು ದೂರದಲ್ಲಿದ್ದರೆ ನೋಟದ ಕೋನ ಹನ್ನೆರಡೂವರೆ ಡಿಗ್ರಿ. ಒಂಬತ್ತು ಅಡಿಗೆ ಹದಿನಾಲ್ಕೂವರೆ. ಏಳು ಅಡಿಗೆ ಹದಿನೆಂಟು ದಾಟುತ್ತದೆ. ಹದಿನೈದರೊಳಗೆ ಇದ್ದರೆ ಕುತ್ತಿಗೆ ತಡೆಯುತ್ತದೆ. ಮೀರಿದರೆ ಒಂದು ಕ್ರಿಕೆಟ್ ಮ್ಯಾಚ್ ಮುಗಿಯುವಷ್ಟರಲ್ಲಿ ನೋಯುತ್ತದೆ. ಸೋಫಾವನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿದೆ. ನಿಮ್ಮ ಕೋಣೆ ಚಿಕ್ಕದಾಗಿದ್ದು ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಈ ಗೋಡೆಯನ್ನೇ ಕೈಬಿಟ್ಟು ಪಕ್ಕದ ಗೋಡೆ ನೋಡಿ. ಇದನ್ನು ಮನಃಪೂರ್ವಕ ಹೇಳುತ್ತಿದ್ದೇನೆ.

ಟಿವಿಯನ್ನು ಕೆಳಗೆ ಎಳೆದುಕೊಳ್ಳುವ ಮೌಂಟ್‌ಗಳಿವೆ. ಬೆಂಕಿ ಆರಿದ್ದಾಗ ಅದು ಬಹಳ ಅನುಕೂಲ. ಬೆಂಕಿ ಉರಿಯುವಾಗ ಎಳೆದರೆ ಟಿವಿ ಮ್ಯಾಂಟಲ್‌ನ ಮರೆ ಬಿಟ್ಟು ನೇರ ಬಿಸಿಗಾಳಿಗೆ ಬರುತ್ತದೆ. ದಿನಾ ಸಂಜೆ ಬೆಂಕಿಯೂ ಬೇಕು ಟಿವಿಯೂ ಬೇಕು ಅನ್ನುವ ಮನೆಗೆ ಅದರಿಂದ ಉಪಯೋಗವಿಲ್ಲ. ಅಕ್ಕಪಕ್ಕ ತಿರುಗುವ ಉದ್ದ ತೋಳಿನ ಮೌಂಟ್‌ಗೂ ಇದೇ ಮಾತು, ಜೊತೆಗೆ ತೋಳು ಚಾಚಿದಾಗ ಬೋಲ್ಟ್‌ಗಳ ಮೇಲೆ ಬೀಳುವ ಎಳೆತ ಬಹಳ ಹೆಚ್ಚು. ಮುಂದಕ್ಕೆ ಬಾಗುವ ಸಾದಾ ಟಿಲ್ಟ್ ಮೌಂಟ್ ತೆಗೆದುಕೊಂಡೆ, 85 ಡಾಲರ್. ಬಾಗಿಸಿದಾಗ ಟಿವಿಯ ಕೆಳಅಂಚು ಗೋಡೆಯ ಹತ್ತಿರ ಹೋಗಿ ಮೇಲಂಚು ಮುಂದೆ ಬರುತ್ತದೆ. ಬಿಸಿ ಹೆಚ್ಚಿರುವ ಕೆಳಭಾಗ ಗಾಳಿಯ ಹರಿವಿನಿಂದ ಹಿಂದೆ ಸರಿಯುವುದು ಒಳ್ಳೆಯದೇ.

ಕರೆಂಟು, ಪರ್ಮಿಟ್, ಕಾಯುವುದು

ಟಿವಿಯ ವೈರನ್ನು ಗೋಡೆಯೊಳಗೆ ಇಳಿಬಿಟ್ಟು ಕೆಳಗಿನ ಪ್ಲಗ್ಗಿಗೆ ಚುಚ್ಚುವುದು ಇಲ್ಲಿ ನಿಯಮಕ್ಕೆ ವಿರುದ್ಧ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ, ಅಂದರೆ ಎನ್‌ಇಸಿಯ 400.12ನೇ ಕಲಮು ಬಳುಕುವ ಕಾರ್ಡನ್ನು ಗೋಡೆಯೊಳಗೆ ಮುಚ್ಚುವುದನ್ನು ನಿಷೇಧಿಸುತ್ತದೆ. ಫೈರ್‌ಪ್ಲೇಸಿನ ಗೋಡೆಯಲ್ಲಿ ಇದು ಇನ್ನೂ ಅಪಾಯ, ಏಕೆಂದರೆ ಆ ಕಾರ್ಡು ಬೆಂಕಿಪೆಟ್ಟಿಗೆಯ ಪಕ್ಕದಲ್ಲೇ ಇಳಿಯಬೇಕು. ಟಿವಿಯ ಹಿಂದೆಯೇ ಗೋಡೆಯೊಳಕ್ಕೆ ತಗ್ಗಿದ ಔಟ್‌ಲೆಟ್ ಕೂರಿಸಿ ಅದಕ್ಕೆ ಗೋಡೆಯ ವೈರನ್ನೇ ತರಬೇಕು.

ಅಟ್ಟ ಮೇಲಿದ್ದದ್ದು ನಮ್ಮ ಅದೃಷ್ಟ. ಪಕ್ಕದ ಗೋಡೆಯಲ್ಲಿದ್ದ ಹಳೆಯ ಔಟ್‌ಲೆಟ್ಟಿನಿಂದ ವೈರ್ ಮೇಲೇರಿ, ಅಟ್ಟದಲ್ಲಿ ಅಡ್ಡ ಹಾಯ್ದು, ಟಿವಿಯ ಹಿಂದಕ್ಕೆ ಮೇಲಿನಿಂದ ಇಳಿಯುತ್ತದೆ. 70 ಇಂಚಿಗಿಂತ ಕೆಳಗೆ, ಬೆಂಕಿಯ ಕಡೆಗೆ, ಒಂದು ಎಳೆಯೂ ಹೋಗುವುದಿಲ್ಲ. ಮೇಲಿನಿಂದ ತರಲು ಸಾಧ್ಯವಿದ್ದರೆ ಇದೊಂದೇ ಸರಿಯಾದ ದಾರಿ.

ಸ್ವಂತ ವಾಸದ ಒಂಟಿ ಕುಟುಂಬದ ಮನೆಯಲ್ಲಿ ಮಾಲೀಕರೇ ವೈರಿಂಗ್ ಮಾಡಲು ನ್ಯೂಜೆರ್ಸಿಯಲ್ಲಿ ಅವಕಾಶವಿದೆ, ಆದರೆ ಪರ್ಮಿಟ್ ಬೇಕು. ಊರಿನ ಟೌನ್‌ಶಿಪ್ ಕಚೇರಿಯ ಕಟ್ಟಡ ವಿಭಾಗದಲ್ಲಿ ಎರಡು ಅರ್ಜಿ: ಎಫ್-100 ಒಟ್ಟು ಕಾಮಗಾರಿಗೆ, ಎಫ್-120 ವಿದ್ಯುತ್ತಿಗೆ. ಜೊತೆಗೆ ಕೈಯಲ್ಲೇ ಬರೆದ ನಕ್ಷೆ: ಹಳೆಯ ಔಟ್‌ಲೆಟ್, ವೈರಿನ ದಾರಿ, ಹೊಸ ಔಟ್‌ಲೆಟ್, ಬ್ರೇಕರಿನ ಆಂಪ್. ಫೈರ್‌ಪ್ಲೇಸ್ ಕೈಪಿಡಿಯ ದೂರದ ನಕ್ಷೆಯ ಒಂದು ಪ್ರತಿಯನ್ನೂ ಲಗತ್ತಿಸಿದೆ. ಕೇಳಿರಲಿಲ್ಲ, ಆದರೆ ಕೊಟ್ಟಿದ್ದು ಉಪಯೋಗವಾಯಿತು. ಇನ್‌ಸ್ಪೆಕ್ಟರ್ ಬಂದಾಗ ಮೊದಲು ತೆಗೆದದ್ದು ಅದನ್ನೇ. ಶುಲ್ಕ 75 ಡಾಲರ್, ಊರಿಂದೂರಿಗೆ ಬೇರೆಯಾಗುತ್ತದೆ. ಅರ್ಜಿಗೆ ಉತ್ತರ ಕೊಡಲು ಕಚೇರಿಗೆ 20 ಕೆಲಸದ ದಿನ ಗಡುವಿದೆ. ನಮಗೆ 11ನೇ ದಿನ ಬಂತು. ಮ್ಯಾಂಟಲ್ ಹೇಗೂ ಬಂದಿರಲಿಲ್ಲವಾದ್ದರಿಂದ ಈ ಕಾಯುವಿಕೆ ನಷ್ಟವೆನಿಸಲಿಲ್ಲ. ಎರಡನ್ನೂ ಒಂದೇ ದಿನ ಶುರು ಮಾಡಿ.

ಔಟ್‌ಲೆಟ್ ಪೆಟ್ಟಿಗೆಗೆ ಡ್ರೈವಾಲ್ ಕತ್ತರಿಸಿದ ರಂಧ್ರದಿಂದ 35 ಡಾಲರಿನ ಇನ್‌ಸ್ಪೆಕ್ಷನ್ ಕ್ಯಾಮೆರಾ ಒಳಗೆ ಬಿಟ್ಟೆ. ಗೋಡೆ ಕೊರೆಯುವ ಮುಂಚೆ ಇದನ್ನು ಮಾಡಿದ್ದು ಒಳ್ಳೆಯದಾಯಿತು. ಹೊಗೆಕೊಳವೆ ಪೆಟ್ಟಿಗೆಯ ತಲೆಯಿಂದ ನೇರ ಹಿಂದೆ ಹೋಗಿರಬಹುದು ಎಂದುಕೊಂಡಿದ್ದೆ. ಅದು ಮೊದಲು ಎರಡಡಿ ಮೇಲೇರಿ, ಟಿವಿಯ ಹಿಂಬದಿಯ ಎತ್ತರದಲ್ಲೇ ತಿರುವು ತೆಗೆದುಕೊಂಡು ಹೊರಗೋಡೆಗೆ ಹೋಗಿತ್ತು. ಸ್ಟಡ್ ತಪ್ಪಿಸಿ ಹೋದ ಉದ್ದನೆಯ ಡ್ರಿಲ್ ಬಿಟ್ ಈ ಕೊಳವೆಗೆ ತಗುಲಿದರೆ ಹೊಗೆ ಗೋಡೆಯೊಳಗೆ ಸೋರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ಅದಕ್ಕೆ ವಾಸನೆಯಿಲ್ಲ. ಕೋಣೆಯ ಹತ್ತಿರ ಅದರ ಅಲಾರಂ ಇದೆಯೇ, ಬ್ಯಾಟರಿ ಸರಿಯಿದೆಯೇ ಎಂದು ಇವತ್ತೇ ನೋಡಿ. ವೈರನ್ನೂ ಆ ಕೊಳವೆಯಿಂದ ದೂರವಿಟ್ಟು, ಬೇರೆ ಸ್ಟಡ್ ಸಂದಿನಲ್ಲಿ ಇಳಿಸಿದೆ. ಎಷ್ಟು ದೂರ ಎಂಬುದು ಮತ್ತೆ ಕೈಪಿಡಿಯಲ್ಲೇ ಇದೆ.

ಹಾಕಿದ್ದು 15 ಆಂಪ್ ಸರ್ಕ್ಯೂಟಿಗೆ 14/2 ಎನ್‌ಎಂ-ಬಿ ವೈರ್, ಅಂದರೆ ಇಲ್ಲಿನ ಮನೆಗಳ ಗೋಡೆಯೊಳಗೆ ಹಾಕುವ ಮಾಮೂಲಿ ವೈರ್. 20 ಆಂಪ್ ಬ್ರೇಕರಿನ ಲೈನಾಗಿದ್ದರೆ ಅದಕ್ಕಿಂತ ದಪ್ಪನೆಯ 12/2 ಬೇಕು, ತೆಳ್ಳಗಿನದನ್ನು ಜೋಡಿಸಬಾರದು. ಗೋಡೆಯ ತಲೆಯ ಮರದ ಪಟ್ಟಿಯಲ್ಲಿ ಕೊರೆದ ರಂಧ್ರಗಳನ್ನು ವೈರ್ ಎಳೆದ ಮೇಲೆ ಬೆಂಕಿ ತಡೆಯುವ ಕಾಕ್ (ಸಂದು ಮುಚ್ಚುವ ಮೆತ್ತೆ) ಹಾಕಿ ಮುಚ್ಚಬೇಕು, ಇಲ್ಲದಿದ್ದರೆ ಗೋಡೆಯ ಸಂದೇ ಅಟ್ಟಕ್ಕೆ ಚಿಮಣಿಯಾಗುತ್ತದೆ. ರಂಧ್ರ ಮರದ ಅಂಚಿಗೆ ಒಂದೂಕಾಲು ಇಂಚಿಗಿಂತ ಹತ್ತಿರ ಬಂದಲ್ಲಿ ಉಕ್ಕಿನ ರಕ್ಷಣಾ ತಗಡು ಹೊಡೆಯಬೇಕು. ವೈರ್, ಪೆಟ್ಟಿಗೆ, ಕಾಕ್, ಎಲ್ಲ ಸೇರಿ 95 ಡಾಲರ್.

ಎಚ್‌ಡಿಎಂಐ ಕೇಬಲ್ಲಿನಲ್ಲಿ ಒಂದು ವಾರಾಂತ್ಯ ಹೋಯಿತು. ದಾರಿ ಸುತ್ತಿ ಬರುವುದರಿಂದ 30 ಅಡಿ ದಾಟಿತು. ಮೊದಲು ತಂದ ಸಾದಾ ತಾಮ್ರದ ಕೇಬಲ್‌ನಲ್ಲಿ 4ಕೆ ಚಿತ್ರ ಬಂದು ಬಂದು ಹೋಗುತ್ತಿತ್ತು, ಕೆಲವೊಮ್ಮೆ ಎರಡು ಸೆಕೆಂಡು ಪರದೆ ಕಪ್ಪಾಗುತ್ತಿತ್ತು. ನೆಲದ ಮೇಲೆ ಹರಡಿ ಪರೀಕ್ಷಿಸಿದ್ದರಿಂದ ಗೋಡೆಯೊಳಗೆ ಹೋಗುವ ಮುಂಚೆಯೇ ಗೊತ್ತಾಗಿ ವಾಪಸ್ ಮಾಡಿದೆ. ಇಷ್ಟು ಉದ್ದಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಬೇಕು. 35 ಅಡಿಯದು 70 ಡಾಲರ್. ಗೋಡೆಯೊಳಗೆ ಹಾಕಲು ಸಿಎಲ್2 ಅಥವಾ ಸಿಎಲ್3 ಎಂದು ಅದರ ಮೈಮೇಲೆ ಮುದ್ರಿಸಿರಬೇಕು. ಇದಕ್ಕೆ ದಿಕ್ಕಿದೆ: ಒಂದು ತುದಿ ಚಿತ್ರ ಕಳಿಸುವ ಪೆಟ್ಟಿಗೆಗೆ, ಇನ್ನೊಂದು ಟಿವಿಗೆ. ತಿರುಗುಮುರುಗಾಗಿ ಎಳೆದರೆ ಪೂರ್ತಿ ಹೊರತೆಗೆಯಬೇಕು, ಹಾಗಾಗಿ ಟಿವಿಯ ತುದಿಗೆ ಕೆಂಪು ಟೇಪ್ ಸುತ್ತಿಕೊಳ್ಳಿ. ಕರೆಂಟಿನ ವೈರಿನ ರಂಧ್ರದಲ್ಲೇ ಇದನ್ನೂ ತೂರಿಸದೆ ಬೇರೆ ರಂಧ್ರ ಮಾಡಿ, ಜೊತೆಗೊಂದು ಖಾಲಿ ದಾರವನ್ನೂ ಬಿಟ್ಟಿರಿ. ಮುಂದೆ ಇನ್ನೊಂದು ಕೇಬಲ್ ಬೇಕಾದಾಗ ನೆನೆಸಿಕೊಳ್ಳುತ್ತೀರಿ.

ಪರೀಕ್ಷೆಗೆ ಹೇಳಿ ಎರಡನೇ ದಿನ ಇನ್‌ಸ್ಪೆಕ್ಟರ್ ಬಂದರು. ಇಂಥ ಹೊತ್ತಿಗೆ ಅಂತಿಲ್ಲ, ದಿನವಿಡೀ ಮನೆಯಲ್ಲಿರಬೇಕು. ಅಟ್ಟ ಹತ್ತಿ ಕಾಕ್ ಹಾಕಿದ್ದನ್ನು, ತೆರೆದ ಪೆಟ್ಟಿಗೆಗಳನ್ನು ನೋಡಿ ಮೊದಲ ಹಂತ ಒಪ್ಪಿದರು. ಕೊನೆಯ ಹಂತದಲ್ಲಿ ನಿಂತುಹೋಯಿತು. ವಾಸದ ಕೋಣೆಯ ಹಳೆಯ ಲೈನನ್ನು ಹೀಗೆ ಮುಂದುವರಿಸಿ ಹೊಸ ಔಟ್‌ಲೆಟ್ ಕೊಟ್ಟರೆ ಅದಕ್ಕೆ ಎಎಫ್‌ಸಿಐ, ಅಂದರೆ ವೈರಿನಲ್ಲಿ ಕಿಡಿ ಹಾರಿದರೆ ಲೈನ್ ಕಡಿಯುವ ರಕ್ಷಣೆ ಬೇಕು. ನಮ್ಮದು ಹಳೆಯ ಸಾದಾ ಬ್ರೇಕರ್. ನಿಯಮ ಓದಿದ್ದೂ ಅದು ಹೊಸ ಮನೆಗಳಿಗೆ ಮಾತ್ರ ಎಂದುಕೊಂಡದ್ದು ನನ್ನ ತಪ್ಪು. ಬ್ರೇಕರ್‌ಗಳಿರುವ ಪ್ಯಾನೆಲ್‌ಗೆ ನಾನು ಕೈಹಾಕಲಿಲ್ಲ. ಮುಖ್ಯ ಸ್ವಿಚ್ ಆರಿಸಿದರೂ ಹೊರಗಿನಿಂದ ಬರುವ ದಪ್ಪ ವೈರಿನ ತುದಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಪ್ಯಾನೆಲ್‌ಗೆ ಹೊಂದುವ ಬ್ರೇಕರ್ ಹಾಕಿಕೊಟ್ಟರು, ಬ್ರೇಕರ್ ಕೂಲಿ ಸೇರಿ 218 ಡಾಲರ್. ಮರುಪರೀಕ್ಷೆಗೆ ಮತ್ತೆ ಆರು ದಿನ ಹೋಯಿತು. ಅರ್ಜಿ ಕೊಡುವಾಗಲೇ ಎಎಫ್‌ಸಿಐ ಬ್ರೇಕರ್ ಎಂದು ನಕ್ಷೆಯಲ್ಲಿ ಬರೆದು, ಹಾಕಿಸಿಬಿಟ್ಟರೆ ಈ ಆರು ದಿನ ಉಳಿಯುತ್ತದೆ.

ಕೊರೆಯುವುದು, ಎತ್ತುವುದು

ಈ ನಡುವೆ ಮ್ಯಾಂಟಲ್ ಬಂದು ಕೂತಿತು. ಉಕ್ಕಿನ ಬ್ರಾಕೆಟ್‌ಗೆ 40 ಡಾಲರ್. ರಟ್ಟು ಮತ್ತೆ ತೂಗುಹಾಕಿ ಮೂರು ಗಂಟೆ ಉರಿಸಿದೆ. ಮುಂದೆ ಕೆಳಗೆ 93, ಹಿಂದೆ ಕೆಳಗೆ 90, ನಡುವಿಗೆ 88. ಬ್ಲೋವರ್ ಫ್ಯಾನ್ ಹಾಕಿದಾಗ ಇನ್ನೂ ನಾಲ್ಕು ಡಿಗ್ರಿ ಇಳಿಯಿತು, ಏಕೆಂದರೆ ಅದು ಬಿಸಿಯನ್ನು ಮೇಲೇರಲು ಬಿಡದೆ ಕೋಣೆಯ ಕಡೆಗೆ ತಳ್ಳುತ್ತದೆ. 118 ಇದ್ದದ್ದು 93ಕ್ಕೆ ಇಳಿದದ್ದು ಕಂಡಾಗ ಆದ ನೆಮ್ಮದಿ ಟಿವಿ ಹಾಕಿದ ದಿನವೂ ಆಗಲಿಲ್ಲ. 95ರೊಳಗೆ ಬಾರದಿದ್ದರೆ ಅಲ್ಲಿಗೇ ಕೈಬಿಡುವುದೆಂದು ಮೊದಲೇ ನಿರ್ಧರಿಸಿದ್ದೆ, ನೀವೂ ಒಂದು ಅಂಕಿ ಬರೆದಿಟ್ಟುಕೊಂಡೇ ಶುರು ಮಾಡಿ.

ಸ್ಟಡ್‌ಗಳು 16 ಇಂಚಿಗೊಂದು ಇರುತ್ತವೆ ಎಂಬ ನಂಬಿಕೆ ಫೈರ್‌ಪ್ಲೇಸಿನ ಗೋಡೆಯಲ್ಲಿ ನಡೆಯುವುದಿಲ್ಲ. ಕೊಳವೆಗೆ, ಪೆಟ್ಟಿಗೆಗೆ ಜಾಗ ಬಿಡಲು ಬಡಗಿಗಳು ಅವನ್ನು ಅತ್ತಿತ್ತ ಸರಿಸಿರುತ್ತಾರೆ. ನಮ್ಮಲ್ಲಿ ನಡುವಿನ ಎರಡು ಸ್ಟಡ್‌ಗಳ ಅಂತರ 19 ಇಂಚು. ಎಲೆಕ್ಟ್ರಾನಿಕ್ ಸ್ಟಡ್ ಫೈಂಡರ್ ಹಿಂದಿನ ತಗಡಿನಿಂದ ಗಲಿಬಿಲಿಯಾಗಿ ಎಲ್ಲೆಲ್ಲೂ ಕೂಗುತ್ತಿತ್ತು. ಗಟ್ಟಿ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಗೋಡೆಯ ಮೇಲೆ ಎಳೆದರೆ ಡ್ರೈವಾಲ್ ಸ್ಕ್ರೂ ಇರುವಲ್ಲಿ ಟಕ್ ಎಂದು ಅಂಟುತ್ತದೆ. ಒಂದರ ಕೆಳಗೊಂದು ನಾಲ್ಕೈದು ಕಡೆ ಅಂಟಿದರೆ ಅದೇ ಸ್ಟಡ್. ಎರಡೂ ಅಂಚನ್ನು ಸಣ್ಣ ಮೊಳೆಯಿಂದ ಚುಚ್ಚಿ ಖಾತ್ರಿ ಮಾಡಿಕೊಂಡು, ಒಂದೂವರೆ ಇಂಚಿನ ಮರದ ಸರಿಯಾದ ನಡುವಿಗೆ ಗುರುತು ಹಾಕಿದೆ. ಮೊಳೆಯ ರಂಧ್ರಗಳು ಟಿವಿಯ ಹಿಂದೆ ಮುಚ್ಚಿಹೋಗುತ್ತವೆ. ಮರದ ಬದಲು ತೆಳು ತಗಡಿನ ಸ್ಟಡ್ ಇದ್ದರೆ ಲ್ಯಾಗ್ ಬೋಲ್ಟ್ (ಮರಕ್ಕೆ ತಿರುಗಿಸಿ ಬಿಗಿಯುವ ದಪ್ಪ ಸ್ಕ್ರೂ) ಹಿಡಿಯುವುದಿಲ್ಲ, ಹಿಂದೆ ಹೋಗಿ ರೆಕ್ಕೆ ಬಿಚ್ಚಿ ಹಿಡಿಯುವ ಟಾಗಲ್ ಬೋಲ್ಟ್ ಬೇಕು.

5/16 ಇಂಚಿನ ಲ್ಯಾಗ್ ಬೋಲ್ಟ್, 3 ಇಂಚು ಉದ್ದ, ನಾಲ್ಕು. ಅದಕ್ಕೆ ಮೊದಲು ಕೊರೆಯುವ ಪೈಲಟ್ ರಂಧ್ರ 3/16. ಬಿಟ್ಟಿನ ಮೇಲೆ ಮೂರು ಇಂಚಿಗೆ ಟೇಪ್ ಸುತ್ತಿ, ಅದಕ್ಕಿಂತ ಒಳಗೆ ಹೋಗದಂತೆ ನೋಡಿಕೊಂಡೆ. ಅರ್ಧ ಇಂಚು ಡ್ರೈವಾಲ್ ಕಳೆದರೆ ಮರದೊಳಗೆ ಎರಡೂವರೆ. ಸ್ಟಡ್‌ನ ಆಳ ಮೂರೂವರೆ, ಆಚೆ ಬದಿಗೆ ತೂರುವುದಿಲ್ಲ. ಡ್ರಿಲ್ ಪುಡಿ ಬಿಳಿ ಬಂದು ಆಮೇಲೆ ಮರದ ಬಣ್ಣಕ್ಕೆ ತಿರುಗಬೇಕು. ಬಿಳಿ ಪುಡಿಯ ನಂತರ ಬಿಟ್ ಸರ್ರನೆ ಒಳಗೆ ಜಾರಿದರೆ ಸ್ಟಡ್ ತಪ್ಪಿದೆ, ತಕ್ಷಣ ನಿಲ್ಲಿಸಿ. ಬೋಲ್ಟಿನ ಸುರುಳಿ ಗೆರೆಗಳಿಗೆ ಸ್ವಲ್ಪ ಸೋಪು ಉಜ್ಜಿ, ಅರ್ಧ ಇಂಚಿನ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ. ಇಂಪ್ಯಾಕ್ಟ್ ಡ್ರೈವರಿನಿಂದ ಬಿಗಿದರೆ ಮರದೊಳಗಿನ ಹಿಡಿತ ಕಿತ್ತುಹೋಗಿ ಬೋಲ್ಟ್ ಸುಮ್ಮನೆ ಸುತ್ತತೊಡಗುತ್ತದೆ, ಇಲ್ಲವೇ ತಲೆ ಕತ್ತರಿಸುತ್ತದೆ. ವಾಷರ್ ತಗಡಿಗೆ ಕೂತ ಮೇಲೆ ಕಾಲು ಸುತ್ತು ಸಾಕು. ಎರಡನೇ ಬೋಲ್ಟ್ ಬಿಗಿಯುವ ಮುನ್ನ ರಸಮಟ್ಟ ಇಟ್ಟು ನೋಡಿ, ಮ್ಯಾಂಟಲ್‌ಗೆ ಅಳೆದು ಅಲ್ಲ. ಮ್ಯಾಂಟಲ್ ಸ್ವಲ್ಪ ಓರೆಯಿದ್ದರೆ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ನಾನು ಮ್ಯಾಂಟಲ್ ಕೂರಿಸುವಾಗಲೇ ಅದನ್ನು ತಿದ್ದಿದ್ದೆ.

ಟಿವಿಯ ಬೆನ್ನಿಗೆ ಹೋಗುವ ಸ್ಕ್ರೂಗಳ ಉದ್ದವೂ ಮುಖ್ಯ. ಮೌಂಟ್ ಜೊತೆ ಎಂ6, ಎಂ8 ಎರಡೂ, ಮೂರು ಮೂರು ಉದ್ದದಲ್ಲಿ ಬರುತ್ತವೆ. ಊದುಬತ್ತಿಯ ಸುಟ್ಟುಳಿದ ಕಡ್ಡಿಯನ್ನು ರಂಧ್ರಕ್ಕೆ ಮೆಲ್ಲಗೆ ಇಳಿಸಿ ಆಳ ಗುರುತು ಮಾಡಿ, ಬ್ರಾಕೆಟ್ ದಪ್ಪ ಕೂಡಿಸಿದರೆ ಬೇಕಾದ ಉದ್ದ ಸಿಗುತ್ತದೆ. ಉದ್ದದ್ದನ್ನು ಒತ್ತಾಯದಿಂದ ಬಿಗಿದರೆ ಅದು ಒಳಗಿನ ಬೋರ್ಡಿಗೋ ಪರದೆಗೋ ಚುಚ್ಚುತ್ತದೆ.

ಎತ್ತಲು ಇಬ್ಬರು ಬೇಕು. ಮ್ಯಾಂಟಲ್ ಹತ್ತು ಇಂಚು ಚಾಚಿರುವುದರಿಂದ ಗೋಡೆಗೆ ಹತ್ತಿರ ನಿಲ್ಲಲಾಗುವುದಿಲ್ಲ, ಕೈ ಚಾಚಿಯೇ ಎತ್ತಬೇಕು. 36 ಪೌಂಡ್ ಆಗ ಎರಡರಷ್ಟು ಅನ್ನಿಸುತ್ತದೆ. ಎರಡು ಪಕ್ಕಕ್ಕೂ ಒಂದೇ ಎತ್ತರದ ಮೆಟ್ಟಿಲೇಣಿ ಇಟ್ಟುಕೊಳ್ಳಿ. ಮ್ಯಾಂಟಲ್ ಮೇಲೆ ದಪ್ಪ ಟವೆಲ್ ಹಾಸಿ, ಮೊದಲು ಟಿವಿಯನ್ನು ಅದರ ಮೇಲೆ ನಿಲ್ಲಿಸಿ ವೈರ್‌ಗಳನ್ನು ಚುಚ್ಚಿಬಿಡಿ, ಆಮೇಲೆ ಸಿಕ್ಕಿಸಿ. ಬೆಂಕಿ ಹಿಂದಿನ ರಾತ್ರಿಯಿಂದಲೇ ಆರಿರಬೇಕು.

ಸೌಂಡ್‌ಬಾರನ್ನು ಮ್ಯಾಂಟಲ್ ಮೇಲಿಡುವ ಆಸೆ ಎಲ್ಲರಿಗೂ ಇರುತ್ತದೆ. ಮುಂದಿನ ಅಂಚಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ಅಲ್ಲಿ ಟಿವಿಗಿಂತಲೂ ಬಿಸಿ. ಹಾಗಾಗಿ ಎರಡು ಪಕ್ಕದ ಕಪಾಟಿನಲ್ಲಿ ಒಂದೊಂದು ಸ್ಪೀಕರ್ ಇಟ್ಟದ್ದಾಯಿತು.

ಸೌದೆ ಉರಿಸುವ ಇಟ್ಟಿಗೆಯ ಫೈರ್‌ಪ್ಲೇಸ್ ಇರುವವರಿಗೆ ಬೇರೆಯೇ ಎಚ್ಚರಿಕೆಗಳಿವೆ. ಅಮೆರಿಕದ ವಸತಿ ಕಟ್ಟಡ ಸಂಹಿತೆಯಂತೆ ಬಾಯಿಯಿಂದ 6 ಇಂಚಿನೊಳಗೆ ಮರ ಬರುವಂತಿಲ್ಲ, 12 ಇಂಚಿನೊಳಗಿನದು ಪ್ರತಿ ಇಂಚು ದೂರಕ್ಕೆ ಎಂಟನೇ ಒಂದು ಇಂಚಿಗಿಂತ ಹೆಚ್ಚು ಚಾಚುವಂತಿಲ್ಲ. ಗೋಡೆಯ ಹಿಂದೆ ಹೊಗೆಗೂಡು ಇರುವುದರಿಂದ ರಂಧ್ರ ಎರಡೂವರೆ ಇಂಚಿಗಿಂತ ಆಳ ಬೇಡ. ಇಟ್ಟಿಗೆಯ ನಡುವಿಗೆ ಕೊರೆದು ಸ್ಲೀವ್ ಆಂಕರ್ ಹಾಕಿ, ಗಾರೆಯ ಸಂದಿಗೆ ಅಲ್ಲ. ವೈರನ್ನು ಚಿಮಣಿಯೊಳಗೆ ಯಾವ ಕಾರಣಕ್ಕೂ ತೂರಿಸಬೇಡಿ, ಗೋಡೆಯ ಮೇಲೆಯೇ ಲೋಹದ ಕೇಸಿಂಗ್ ಓಡಿಸಿ. ಗಾಳಿ ತಿರುಗಿದಾಗ ಕೋಣೆಗೆ ಬರುವ ಹೊಗೆಯ ಮಸಿ ಟಿವಿಯ ಹಿಂದಿನ ತೂತುಗಳಲ್ಲಿ ಕೂರುತ್ತದೆ, ಬಿಸಿಯೂ ಗ್ಯಾಸಿನ ಹಾಗೆ ಒಂದೇ ಮಟ್ಟದಲ್ಲಿರುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಹಳೆಯ ತೋಟದ ಬಂಗಲೆಗಳಲ್ಲಿ ಇರುವುದೂ ಇಂಥದ್ದೇ. ಅಲ್ಲಿ ನನ್ನ ಸಲಹೆ ಪಕ್ಕದ ಗೋಡೆ.

ಒಟ್ಟು ಖರ್ಚು, ಡ್ರೈವಾಲ್ ಮೆತ್ತಿ ಬಣ್ಣ ಹಚ್ಚಿದ 45 ಡಾಲರೂ ಸೇರಿ, ಟಿವಿ ಬಿಟ್ಟು, 1,527 ಡಾಲರ್. ಅದರಲ್ಲಿ ಮೌಂಟಿನ ಪಾಲು 85.

ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್ ಇದ್ದ ಒಂದು ರಾತ್ರಿ ಕೊನೆಯ ಪರೀಕ್ಷೆ ಆಯಿತು: ಬೆಂಕಿ ಪೂರ್ತಿ, ಬ್ಲೋವರ್ ಚಾಲೂ, ಟಿವಿಯೂ ಮೂರು ಗಂಟೆ ಚಾಲೂ. ಟಿವಿಯ ಹಿಂಬದಿ ಕೆಳಗೆ 94. ಒಂದು ಥರ್ಮಾಮೀಟರನ್ನು ಅಲ್ಲೇ ಅಂಟಿಸಿ ಬಿಟ್ಟಿದ್ದೇನೆ. ಮ್ಯಾಂಟಲ್ ಮೇಲೆ ಏನನ್ನಾದರೂ ಹೊಸದಾಗಿ ಇಟ್ಟಾಗ ಗಾಳಿಯ ದಾರಿ ಬದಲಾಗುತ್ತದೆ, ಆಗ ಅದನ್ನು ನೋಡಬೇಕು. ಪರ್ಮಿಟ್, ಪರೀಕ್ಷೆಯ ಒಪ್ಪಿಗೆ, ಫೈರ್‌ಪ್ಲೇಸಿನ ಕೈಪಿಡಿ, ಗೋಡೆ ಮುಚ್ಚುವ ಮುಂಚೆ ಅಳತೆಪಟ್ಟಿ ಇಟ್ಟು ತೆಗೆದ ಸ್ಟಡ್ ಮತ್ತು ವೈರ್‌ಗಳ ಫೋಟೋ, ಇಷ್ಟನ್ನೂ ಒಂದು ಲಕೋಟೆಯಲ್ಲಿ ಹಾಕಿ ಪ್ಯಾನೆಲ್ ಬಾಗಿಲಿನ ಪಕ್ಕ ಇಟ್ಟಿದೆ. ಮುಂದೆ ಆ ಗೋಡೆಗೆ ಡ್ರಿಲ್ ಹಿಡಿಯುವವರು ಯಾರೇ ಆಗಲಿ, ಹೊಗೆಕೊಳವೆ ಎಲ್ಲಿ ತಿರುಗುತ್ತದೆ ಎಂಬುದು ಅದರಲ್ಲಿದೆ.